ಹೊಟ್ಟೆಯಲ್ಲಿ ದುರ್ಯೋಧನ

ನಾನು ಮೇಜಿನ ಮೇಲೆ ಕೂರುವ ಜಾತಿಯ ಒಂದು ಹಳೆಯ ಕಂಪ್ಯೂಟರು. ಇಂಥದೇ ನನ್ನ ಊರು ಎಂದು ಹೇಳಿಕೊಳ್ಳಲು ಬರುವುದಿಲ್ಲ. ನನ್ನ ಒಳಗಿನ ಭಾಗಗಳು ಬೇರೆ ಬೇರೆ ದೇಶಗಳಿಂದ ಹಡಗು ಹತ್ತಿ ಬಂದವು. ಬೆಂಗಳೂರಿನ ಒಂದು ಇಕ್ಕಟ್ಟಾದ ಅಂಗಡಿಯಲ್ಲಿ ಯಾರೋ ಪುಣ್ಯಾತ್ಮರು ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು ಅವನ್ನೆಲ್ಲ ತಗಡಿನ ಡಬ್ಬಿಯೊಳಗೆ ಸೇರಿಸಿದರು. ಗುಂಡಿ ಒತ್ತಿದಾಗ ‘ಬೀಪ್’ ಎಂದೆ. ಅದೇ ನನ್ನ ಮೊದಲ ಅಳು.

ಮೊದಲು ಒಂದು ಕಚೇರಿ ಸೇರಿದೆ. ಅಲ್ಲಿನ ಸಾಹೇಬರು ನನ್ನಲ್ಲಿ ಇಸ್ಪೀಟು ಆಡಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಅವರು ನಿವೃತ್ತರಾದ ಮೇಲೆ ನನ್ನನ್ನು ಹರಾಜು ಹಾಕಿದರು. ಮದ್ದೂರಿನ ಬಸ್ ನಿಲ್ದಾಣದ ಎದುರು ಡಿಟಿಪಿ ಅಂಗಡಿ ತೆರೆಯಲು ಹೊರಟಿದ್ದ ಇಂದ್ರಾಣಿ ನನ್ನನ್ನು ಆಟೋದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದಳು. ಅಂದಿನಿಂದ ನನಗೆ ನಿಜವಾದ ಕೆಲಸ ಸಿಕ್ಕಿತು. ಲಗ್ನಪತ್ರಿಕೆ, ತಿಥಿ ಕಾರ್ಡು, ಎಲ್ಲಕ್ಕಿಂತ ಹೆಚ್ಚಾಗಿ ಪೌರಾಣಿಕ ನಾಟಕದ ಪಾಂಪ್ಲೆಟ್ಟು. ನಮ್ಮ ಸೀಮೆಯಲ್ಲಿ ಬಣ್ಣ ಹಚ್ಚದ ಗಂಡಸು ಸಿಕ್ಕುವುದು ಕಷ್ಟ. ಎಷ್ಟು ಭೀಮರು ನನ್ನ ಪರದೆಯ ಮೇಲೆ ಮೀಸೆ ತಿದ್ದಿಸಿಕೊಂಡರೋ!

ಈ ಸಲ ಬಂದವರು ಹೆಂಗಸರು, ಗಾರ್ಮೆಂಟ್ಸಿನಲ್ಲಿ ಬಟ್ಟೆ ಹೊಲಿಯುವವರು. ಅವರ ಮುಂದಾಳು ಸಣ್ಣತಾಯಮ್ಮನೇ ದುರ್ಯೋಧನ. ತಿಂಗಳುಗಟ್ಟಲೆ ಕೆಲಸ ಮುಗಿಸಿ ಬಂದು ಹಾಡು, ಮಾತು ಕಲಿತಿದ್ದರು. “ಹೆಂಗಸ್ರು ಗದೆ ಎತ್ತುದ್ರೆ ನೋಡಕ್ಕೆ ಯಾವನ್ ಬತ್ತಾನೆ?” ಎಂದು ಊರಿನ ಕೆಲವರು ನಕ್ಕಿದ್ದರು. ಆ ನಗು ಅವಳ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ವಿಜಯದಶಮಿಯ ಮಧ್ಯಾಹ್ನದೊಳಗೆ ಪಾಂಪ್ಲೆಟ್ಟು ಪ್ರೆಸ್ಸಿಗೆ ಹೋಗದಿದ್ದರೆ ಶನಿವಾರದ ನಾಟಕಕ್ಕೆ ಊರೂರಿಗೆ ಹಂಚುವಂತಿಲ್ಲ. ಹಂಚದಿದ್ದರೆ ಖಾಲಿ ಮೈದಾನ, ನಕ್ಕವರದೇ ಗೆಲುವು. ಫೋಟೊ, ಹೆಸರು ಎಲ್ಲ ನನ್ನ ಹೊಟ್ಟೆಯಲ್ಲಿ ಸಿದ್ಧವಾಗಿದ್ದವು.

ಹಿಂದಿನ ದಿನ ಆಯುಧಪೂಜೆ. ಇಂದ್ರಾಣಿಗೆ ವರ್ಷ ವರ್ಷಕ್ಕೂ ಭಕ್ತಿ ಜಾಸ್ತಿ. ಗಟ್ಟಿಯಾಗಿ ತೇಯ್ದ ಗಂಧವನ್ನು ನನ್ನ ಹಣೆಗೆ ಧಾರಾಳವಾಗಿ ಮೆತ್ತಿ, ಮೇಲೆ ಕುಂಕುಮ ಇಟ್ಟಳು. ನನ್ನ ಹಣೆ ಎಂದರೆ ಆನ್ ಮಾಡುವ ಗುಂಡಿ.

ಮರುದಿನ ಬೆಳಿಗ್ಗೆ ಬಂದು ಒತ್ತಿದಳು. ಗುಂಡಿ ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಒಣಗಿದ ಗಂಧ ಅದನ್ನು ಕಚ್ಚಿ ಹಿಡಿದಿತ್ತು. ಗುಂಡಿಯನ್ನು ಒತ್ತಿಯೇ ಹಿಡಿದರೆ ನಾವು ಆರಿಹೋಗಬೇಕು, ಅದು ನಮ್ಮ ಕುಲಧರ್ಮ. ದೀಪ ಹತ್ತಿತು, ಫ್ಯಾನು ತಿರುಗಿತು, ಮರುಗಳಿಗೆಯಲ್ಲೇ ಎಲ್ಲ ತಣ್ಣಗಾಯಿತು.

ರಿಪೇರಿಯ ನಟೇಶ ಓಡಿ ಬಂದ. ಹಬ್ಬದ ಕುಂಕುಮ ಅಳಿಸಬಾರದೆಂದು ನನ್ನ ಮುಖದ ತಂಟೆಗೇ ಹೋಗದೆ ಪಕ್ಕದ ತಗಡು ಬಿಚ್ಚಿದ. ಧೂಳು ಊದಿದ. ರ್‍ಯಾಮ್ ಕಿತ್ತು ರಬ್ಬರಿನಿಂದ ಉಜ್ಜಿ ಮತ್ತೆ ಸಿಕ್ಕಿಸಿದ. ಗೋಡೆಯ ಸ್ವಿಚ್ಚು ಹಾಕಿದಾಗಲೆಲ್ಲ ನಾನು ಎದ್ದೆ, ಎದ್ದ ಹಾಗೇ ಬಿದ್ದೆ. ‘ಅಯ್ಯಾ, ಹೊಟ್ಟೆಯಲ್ಲೇನೂ ಕೆಟ್ಟಿಲ್ಲ, ಹಣೆ ನೋಡು’ ಎಂದು ಕೂಗಬೇಕೆನಿಸಿತು. ಬಾಯಿ ಎಲ್ಲಿದೆ ನನಗೆ?

“ಮದರ್‌ಬೋರ್ಡೇ ಹೋಗೈತೆ ಕಣಕ್ಕ. ಗುಜರಿಗೆ ಹಾಕ್ಬುಡಿ,” ಎಂದ.

“ಒಳಗಿರೋ ಫೋಟೊ?” ಇಂದ್ರಾಣಿ ಕೇಳಿದಳು.

“ತಗೀಬೋದು. ಆದ್ರೆ ಇವತ್ತು ಹಬ್ಬ, ಅದಕ್ಕೆ ಬೇಕಾದ ಸಾಮಾನು ಸಿಕ್ಕಲ್ಲ. ನಾಳೀಕೆ ನೋಡನ.”

ಪಾಂಪ್ಲೆಟ್ಟಿಗಾಗಿ ಬೆಳಿಗ್ಗೆಯೇ ಬಂದು ಕಾಯುತ್ತಿದ್ದ ಸಣ್ಣತಾಯಮ್ಮ ಸ್ಟೂಲಿನ ಮೇಲೆ ಕೂತುಬಿಟ್ಟಳು. “ನಾಳೀಕೆ ತಕ್ಕಂಡು ಏನ್ ಮಾಡನವ್ವ? ನಗೋರು ನಕ್ಕೇಬುಟ್ರು ಬುಡು.” ನನಗೆ ಗುಜರಿಯ ಭಯಕ್ಕಿಂತ ಆ ಮಾತೇ ಹೆಚ್ಚು ನೋಯಿಸಿತು.

ಇಂದ್ರಾಣಿ ಪ್ಲಗ್ಗು ಕಿತ್ತು, ಒದ್ದೆ ಬಟ್ಟೆ ತಂದಳು. “ಪೂಜೆ ಮಾಡಿರೋದ್ನ ಕುಂಕುಮದ ಸಮೇತ ಗುಜರಿಗೆ ಹಾಕ್ಬಾರ್ದು ಕಣಕ್ಕ, ಒರೆಸಿ ಕಳಿಸ್ತೀನಿ,” ಎಂದು ನನ್ನ ಹಣೆ ಉಜ್ಜತೊಡಗಿದಳು. ಗಂಧ ನೆನೆಯಿತು, ಕರಗಿತು. ‘ಟಕ್’ ಎಂದು ಗುಂಡಿ ಹೊರಗೆ ನೆಗೆಯಿತು.

ಅವಳ ಕೈ ನಿಂತಿತು. ಒತ್ತಿದಳು, ಬಿಟ್ಟಳು. ಮತ್ತೆ ಒತ್ತಿದಳು, ಬಿಟ್ಟಳು.

“ನಟೇಶಾ, ಇದು ಕಚ್ಕಂಡಿತ್ತು ಕಣೋ! ಪ್ಲಗ್ ಹಾಕು!”

ನಾನು ಎದ್ದೆ. ಈ ಸಲ ಬೀಳಲಿಲ್ಲ. ‘ಬೀಪ್’ ಎಂದ ನನ್ನ ದನಿಗೆ ನನಗೇ ಮೈ ಜುಮ್ಮೆಂದಿತು. ನಿಧಾನವಾಗಿ, ನನ್ನ ವಯಸ್ಸಿಗೆ ತಕ್ಕ ಹಾಗೆ ಪರದೆ ಬೆಳಗಿತು. ಕಿರೀಟ ತೊಟ್ಟು ಗದೆ ಹೊತ್ತ ದುರ್ಯೋಧನ ಎದ್ದು ಬಂದ. ಬಾಗಿಲಲ್ಲಿ ಕಾಯುತ್ತಿದ್ದ ಅರ್ಜುನ, ಶಕುನಿ, ದ್ರೌಪದಿ ಎಲ್ಲರೂ ಶಿಳ್ಳೆ ಹೊಡೆದರು. ನಟೇಶ ತಲೆ ಕೆರೆದುಕೊಂಡು, “ದ್ಯಾವ್ರ ಕುಂಕುಮ ಅಂತ ಸುಮ್ಕಿದ್ದೆ ಕಣಕ್ಕ,” ಎಂದು ತಾನೂ ನಕ್ಕ. ಊಟದ ಹೊತ್ತಿಗಿಂತ ಮುಂಚೆಯೇ ಪಾಂಪ್ಲೆಟ್ಟು ಪ್ರೆಸ್ಸು ಸೇರಿತು.

ನಾಟಕ ನಾನು ನೋಡಲಿಲ್ಲ. ಮೇಜು ಬಿಟ್ಟು ಹೋಗುವ ಭಾಗ್ಯ ನಮಗಿಲ್ಲ. ಭಾನುವಾರ ಬೆಳಿಗ್ಗೆ ಸಣ್ಣತಾಯಮ್ಮ ಬಂದಳು. ಗಂಟಲು ಕಟ್ಟಿತ್ತು, ತುಟಿಯ ಮೇಲೆ ಮೀಸೆಯ ಕಪ್ಪು ಇನ್ನೂ ಪೂರ್ತಿ ಹೋಗಿರಲಿಲ್ಲ.

“ಕುರ್ಚಿ ಸಾಲ್ದೆ ಜನ ಮರ ಹತ್ತಿದ್ರು ಕಣವ್ವ. ನಕ್ಕಿದ್ರಲ್ಲ, ಅವ್ರೇ ಒನ್ಸ್‌ಮೋರ್ ಅಂದ್ರು. ಭೀಮ ಹೊಡೆದು ಕೆಡವಿದ್ಮೇಲೂ ನಾನು ಎರಡ್ ಸಲ ಎದ್ದು ಹಾಡ್ದೆ!”

ನನಗೀಗ ವಯಸ್ಸಾಗಿದೆ. ಎಂದಾದರೊಂದು ದಿನ ಗುಜರಿಯ ಗಾಡಿ ಬಂದೇ ಬರುತ್ತದೆ, ಬರಲಿ. ಸತ್ತ ಮೇಲೂ ಎದ್ದು ಹಾಡಿದ ದುರ್ಯೋಧನನನ್ನು ಹೊಟ್ಟೆಯಲ್ಲಿಟ್ಟುಕೊಂಡು ಕಾಪಾಡಿದ ಡಬ್ಬಿ ನಾನು.