ಹಿಂದಿನ ಎಡಚಕ್ರ

ಗಂಜಿ ಸರಿಯಾಗಿ ಹಿಡಿಯದ ಕಾಲರು ಹಾಕಿಕೊಂಡವನ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಲಾಂಡ್ರಿ ನಡೆಸುತ್ತಿದ್ದೇನೆ. ಆಸ್ಪತ್ರೆ, ಹೋಟೆಲುಗಳ ಹಾಸಿಗೆಬಟ್ಟೆಯೆಲ್ಲ ನನ್ನಲ್ಲಿಗೇ ಬರುವುದು. ಅವನ್ನು ಹೊತ್ತು ತಿರುಗುವ ಟ್ರಕ್ಕನ್ನು ಓಡಿಸುವವಳೂ ನಾನೇ. ಶೋರೂಮಿನ ಸರ್ವೀಸ್ ಅಡ್ವೈಸರ್ ಆವತ್ತು ಟ್ಯಾಬ್ ಹಿಡಿದುಕೊಂಡು ಬಂದಾಗ ನನಗೆ ಮೊದಲು ಕಂಡದ್ದು ಅವನ ಕಾಲರೇ.

“ಮೇಡಂ, ನಾಲ್ಕೂ ಚಕ್ರದ ಬ್ರೇಕ್ ಪ್ಯಾಡ್ ಬದಲಾಯಿಸ್ಬೇಕು. ಸವೆದುಹೋಗಿದೆ.”

“ಎಷ್ಟು ಸವೆದಿದೆ?”

“ರಿಪೋರ್ಟಲ್ಲಿ ಕೆಂಪು ತೋರಿಸ್ತಿದೆ ಮೇಡಂ.”

“ಕೆಂಪು ಅಂದ್ರೆ ಎಷ್ಟು ಅಂತ ಕೇಳಿದ್ದು ನಾನು. ಒಳಗೆ ಬಂದು ನೋಡ್ಲಾ?”

“ಕಸ್ಟಮರ್ ಒಳಗೆ ಬರೋ ಹಾಗಿಲ್ಲ ಮೇಡಂ, ಸೇಫ್ಟಿ. ಬದಲಾಯಿಸೋದು ಒಳ್ಳೇದು ಅಂತ ನಮ್ಮ ಸಲಹೆ. ಆಮೇಲೆ ನಿಮ್ಮಿಷ್ಟ.”

ಹೀಗೆ ಅಡ್ಡಗೋಡೆಯ ಮೇಲೆ ದೀಪ ಇಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನನ್ನದು ಹೈಬ್ರಿಡ್ ಟ್ರಕ್ಕು. ಇಂಜಿನ್ನೂ ಇದೆ, ಬ್ಯಾಟರಿಯ ಮೋಟಾರೂ ಇದೆ. ಬ್ರೇಕಿನ ಮೇಲೆ ಕಾಲಿಟ್ಟರೆ ಮುಕ್ಕಾಲು ಪಾಲು ವೇಗವನ್ನು ಆ ಮೋಟಾರೇ ಎಳೆದು ಹಿಡಿದು ಬ್ಯಾಟರಿಗೆ ತುಂಬಿಕೊಳ್ಳುತ್ತದೆ. ಪ್ಯಾಡಿಗೆ ಉಳಿಯುವುದು ಚೂರುಪಾರು ಕೆಲಸ. ಮಾರುವಾಗ ಇದೇ ಶೋರೂಮಿನವರು ‘ಪ್ಯಾಡಿನ ಚಿಂತೆ ಮರೆತುಬಿಡಿ’ ಎಂದಿದ್ದರು. ಈಗ ಅರವತ್ತು ಸಾವಿರ ಕಿಲೋಮೀಟರಿಗೇ ನಾಲ್ಕೂ ಹೋಯಿತಂತೆ!

ಗಾಜಿನ ಗೋಡೆಯ ಆಚೆ ನನ್ನ ಗಾಡಿ ಲಿಫ್ಟಿನ ಮೇಲೆ ನಿಂತಿತ್ತು. ಈಚೆ ನಾನು ಕಾಗದದ ಲೋಟ ಹಿಡಿದು, ಆಪರೇಷನ್ ಥಿಯೇಟರಿನ ಹೊರಗೆ ಕೂತವರ ಹಾಗೆ ಕೂತಿದ್ದೆ. ನಿಜ ಹೇಳಿಬಿಡುತ್ತೇನೆ, ಆ ಸೋಫಾದಲ್ಲಿ ಕೂತಾಗಲೆಲ್ಲ ನನಗೆ ಅಣ್ಣ ಬೇಕೆನಿಸುತ್ತಿತ್ತು.

ನನ್ನಣ್ಣ ಮೆಕ್ಯಾನಿಕ್ಕು. ಅವನ ಗ್ಯಾರೇಜಿನಲ್ಲಿ ಗಾಜೂ ಇಲ್ಲ, ಸೋಫಾನೂ ಇಲ್ಲ. ಬಿಚ್ಚಿದ ಸಾಮಾನನ್ನು ಗಾಡಿಯವರ ಕೈಗೇ ಕೊಟ್ಟು ‘ಮುಟ್ಟಿ ನೋಡು’ ಎನ್ನುವುದು ಅವನ ಪದ್ಧತಿ. ಅಪ್ಪನ ಹಳೇ ಡೀಸೆಲ್ ಟ್ರಕ್ಕನ್ನು ನಾನು ಓಡಿಸುತ್ತಿದ್ದಷ್ಟು ವರ್ಷವೂ ಭಾನುವಾರ ಬಂತೆಂದರೆ ಅವನು ಗಾಡಿಯ ಅಡಿಗೆ, ನಾನು ಪಕ್ಕದಲ್ಲಿ ಹಳೇ ಟೈರಿನ ಮೇಲೆ. ಅವನೊಂದು ಅಂದರೆ ನಾನು ಎರಡು ಅನ್ನುವುದು. “ಗಾಡಿ ರಿಪೇರಿ ಆಗುತ್ತೆ, ನೀವಿಬ್ಬರು ಆಗೋದಿಲ್ಲ” ಎಂದು ಅತ್ತಿಗೆ ನಗುತ್ತಿದ್ದರು. ನನ್ನನ್ನು ಅವನು ಕರೆಯುತ್ತಿದ್ದುದೇ ಮೆಣಸಿನಕಾಯಿ ಎಂದು.

ಆ ಮೆಣಸಿನಕಾಯಿಯೇ ಎಲ್ಲ ಕೆಡಿಸಿದ್ದು. ಡೀಸೆಲ್ ಇಂಜಿನ್ನನ್ನು ಮೂರನೇ ಸಲ ಬಿಚ್ಚಿ ಕಟ್ಟುತ್ತೇನೆಂದು ಅವನು ಸಾಮಾನು ಜೋಡಿಸಿಕೊಳ್ಳುತ್ತಿದ್ದಾಗ, ನಾನು ಒಂದು ಮಾತೂ ಹೇಳದೆ ಹೈಬ್ರಿಡ್ ತಂದು ಅವನ ಬಾಗಿಲಿಗೇ ನಿಲ್ಲಿಸಿದೆ. ನೋಡಿ ಹಿಗ್ಗುತ್ತಾನೆ ಅಂದುಕೊಂಡಿದ್ದೆ, ಪೆದ್ದಿ! ನಾಲ್ಕು ಜನ ಗಿರಾಕಿಗಳ ಮುಂದೆ ಅವನು, “ಇದು ಗಾಡಿನಾ? ಮೊಬೈಲಿಗೆ ಚಕ್ರ ಹಾಕಿದ್ದಾರೆ. ಇದನ್ನ ನನ್ನ ಬಾಗಿಲಿಗೆ ತರಬೇಡ” ಅಂದ. ಸುಮ್ಮನೆ ಬಂದಿದ್ದರೆ ಸಂಜೆಯೊಳಗೆ ಅವನೇ ಫೋನ್ ಮಾಡುತ್ತಿದ್ದ. ನಾನು ಸುಮ್ಮನಿರುವ ಪೈಕಿಯೇ? “ನಿನ್ನ ಕೈಲಿ ಆಗೋಲ್ಲ ಅಂತ ಹೇಳು. ನಿನ್ನ ಕಾಲ ಮುಗೀತು” ಅಂದುಬಿಟ್ಟೆ. ಅವನು ಕೈ ಒರೆಸಿಕೊಂಡು ಒಳಗೆ ಹೋದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾಲ್ಕು ವರ್ಷ ಆಯಿತು. ‘ವಾರಂಟಿ ಇರೋತನಕ ಹೊರಗಿನವರು ಗಾಡಿ ಮುಟ್ಟೋ ಹಾಗಿಲ್ಲ’ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ, ನನಗೂ ಹೇಳಿಕೊಂಡೆ. ಆದರೂ ಆಸ್ಪತ್ರೆಗೆ ಹೋಗುವಾಗ ಹತ್ತಿರದ ರಸ್ತೆ ಬಿಟ್ಟು ಅವನ ಬೀದಿಯಲ್ಲೇ ಹೋಗುತ್ತಿದ್ದೆ. ಯಾವುದಾದರೂ ಕಾರಿನ ಅಡಿಯಿಂದ ಅವನ ಕಾಲು ಕಂಡರೆ ಆ ದಿನ ಚೆನ್ನಾಗಿ ಹೋಗುತ್ತಿತ್ತು. ಕಾಣದಿದ್ದರೆ ಲಾಂಡ್ರಿಯ ಹುಡುಗಿಯರ ಮೇಲೆಲ್ಲ ರೇಗುತ್ತಿದ್ದೆ.

ಆವತ್ತು ಪ್ಯಾಡ್ ಬೇಡವೆಂದು ಸಹಿ ಹಾಕಿ ಗಾಡಿ ಬಿಡಿಸಿಕೊಂಡು ಬಂದೆ. ಲಾಂಡ್ರಿಯ ಅಂಗಳದಲ್ಲಿ ನಿಲ್ಲಿಸಿ, ಟಾರ್ಚ್ ಹಿಡಿದು ಚಕ್ರದ ಸಂದಿಯಿಂದ ಒಂದೊಂದೇ ಪ್ಯಾಡು ನೋಡಿದೆ. ನಾಲ್ಕೂ ದಪ್ಪಗಿದ್ದವು! ನಾಲ್ಕು ಬೆಂಕಿಕಡ್ಡಿ ಒಟ್ಟಿಗೆ ಇಟ್ಟಷ್ಟು ದಪ್ಪ. ಶೋರೂಮಿನವನು ಹಸಿ ಸುಳ್ಳುಗಾರ! ಸಿಟ್ಟು ಬರಬೇಕಿತ್ತು, ಆದರೆ ನನಗೆ ಹೊಟ್ಟೆಗೆ ಹಾಲು ಹುಯ್ದಂತಾಯಿತು. ಯಾಕೆಂದರೆ ಪ್ಯಾಡು ವಾರಂಟಿಗೆ ಸೇರುವುದಿಲ್ಲ, ಅದನ್ನು ಯಾರು ಬೇಕಾದರೂ ಬಿಚ್ಚಬಹುದು. ‘ಶೋರೂಮಿನವರು ಮೋಸ ಮಾಡ್ತಿದ್ದಾರೆ, ನೀನೇ ಒಂದು ಸಲ ನೋಡು’ ಎನ್ನುವುದಕ್ಕಿಂತ ಒಳ್ಳೆಯ ನೆಪ ಇನ್ನೊಂದು ಜನ್ಮಕ್ಕೂ ಸಿಗುತ್ತಿರಲಿಲ್ಲ.

ಮಾರನೇ ದಿನ ಮಧ್ಯಾಹ್ನ ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಿ, ಇಳಿಯದೆ ಸ್ಟೀರಿಂಗ್ ಹಿಡಿದೇ ಕೂತೆ. ‘ತರಬೇಡ ಅಂದಿರಲಿಲ್ವಾ’ ಎಂದರೆ ಏನು ಮಾಡುವುದು? ಅದನ್ನು ಎರಡನೇ ಸಲ ಕೇಳುವ ಗಟ್ಟಿತನ ನನ್ನಲ್ಲಿರಲಿಲ್ಲ.

ಅಣ್ಣನ ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಗಾಡಿ ನೋಡಿದ, ನನ್ನನ್ನು ನೋಡಿದ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದ ಮಾತನ್ನೆಲ್ಲ ನಾನು ಒಂದೇ ಉಸಿರಿಗೆ ಸುರಿದೆ. “ನಾಲ್ಕೂ ಬದಲಾಯಿಸ್ಬೇಕಂತೆ. ನಾನೇ ಟಾರ್ಚ್ ಹಾಕಿ ನೋಡಿದೀನಿ, ಏನೂ ಆಗಿಲ್ಲ. ಕಳ್ಳರು ಕಣೋ ಅಣ್ಣ ಅವರು!”

“ಕೀ ಕೊಡು” ಅಂದ. ನಾಲ್ಕು ವರ್ಷದ ಮೇಲೆ ಅಷ್ಟೇ ಮಾತು.

ಕೀ ತೆಗೆದುಕೊಂಡು ಹೋಗಿ ದೂರದ ಮೇಜಿನ ಡ್ರಾಯರಿನಲ್ಲಿಟ್ಟ. ಕೀ ಹತ್ತಿರವಿದ್ದರೆ ಸಾಕು, ಈ ಗಾಡಿ ಸದ್ದಿಲ್ಲದೆ ಎಚ್ಚರವಾಗಿರುತ್ತದೆ; ಕೆಲಸ ಮಾಡುವಾಗ ಅದನ್ನು ದೂರ ಇಡಬೇಕು. ಮೊಬೈಲಿಗೆ ಚಕ್ರ ಎಂದವನಿಗೆ ಇದು ಹೇಗೆ ಗೊತ್ತು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಜಾಕ್ ಕೊಟ್ಟು ಹಿಂದಿನ ಎಡಚಕ್ರ ಬಿಚ್ಚಿಯಾಗಿತ್ತು.

“ಇಲ್ಲಿ ಬಾ. ಮುಟ್ಟಿ ನೋಡು.”

ಹೊರಗಿನ ಪ್ಯಾಡು ದಪ್ಪಗೇ ಇತ್ತು. ಅವನು ನನ್ನ ಬೆರಳು ಹಿಡಿದು ಪ್ಯಾಡುಗಳು ಒತ್ತಿಹಿಡಿಯುವ ಡಿಸ್ಕಿನ ಹಿಂದೆ, ಒಳಗಿನ ಪ್ಯಾಡಿನ ಮೇಲಿಟ್ಟ. ಅಲ್ಲಿ ಏನೂ ಇರಲಿಲ್ಲ. ಬರೀ ತಗಡು.

“ಚಕ್ರಕ್ಕೆ ಎರಡು ಪ್ಯಾಡು ಕಣೇ. ನೀನು ಹೊರಗಿಂದು ಮಾತ್ರ ನೋಡಿದೀಯ. ಈ ಗಾಡೀಲಿ ಬ್ರೇಕಿಗೆ ಕೆಲಸ ಕಮ್ಮಿ, ನಿನ್ನ ಅಂಗಳದಲ್ಲಿ ದಿನಾ ನೀರು. ಪ್ಯಾಡು ಹಿಂದೆಮುಂದೆ ಜಾರೋ ಪಿನ್ನಿಗೆ ತುಕ್ಕು ಹಿಡಿದಿದೆ. ಒಳಗಿನ ಪ್ಯಾಡು ಹಿಂದಕ್ಕೆ ಬರೋಕಾಗದೆ ಕಚ್ಚಿಕೊಂಡು ಉಜ್ಜಿ ಉಜ್ಜಿ ಹೋಗಿದೆ.”

ಉಳಿದ ಮೂರನ್ನೂ ಬಿಚ್ಚಿ ತೋರಿಸಿದ. ಅವು ಹೊಸದರ ಹಾಗಿದ್ದವು.

“ಹಾಗಾದ್ರೆ ಶೋರೂಮಿನವನು ಹೇಳಿದ್ದು ಸುಳ್ಳಲ್ಲ ಅಂತೀಯಾ?”

“ಒಂದು ಚಕ್ರದ ಮಟ್ಟಿಗೆ ನಿಜ. ಒಂದರ ರೋಗಕ್ಕೆ ನಾಲ್ಕಕ್ಕೂ ಔಷಧಿ ಬರೆದಿದಾನೆ ಅಷ್ಟೆ. ಬಿಚ್ಚಿ ಕೈಗೆ ಕೊಟ್ಟಿದ್ರೆ ನೀನೂ ನಂಬ್ತಿದ್ದೆ. ಇನ್ನೊಂದು ವಾರ ಹೀಗೇ ಓಡಿಸಿದ್ರೆ ಇಳಿಜಾರಲ್ಲಿ ಏನಾಗ್ತಿತ್ತೋ!”

ಕಳ್ಳನನ್ನು ಹಿಡಿದುಕೊಡಲು ಹೋಗಿ ನಾನೇ ಸಿಕ್ಕಿಬಿದ್ದಂತಾಯಿತು. ನೆಪ ಹೋಯಿತಲ್ಲ, ಇನ್ನು ಎದ್ದು ಹೋಗಬೇಕಲ್ಲ ಎಂದೇ ನನಗೆ ದುಃಖ. “ಹಾಗಾದ್ರೆ ನಾಳೆ ಶೋರೂಮಿಗೇ ಹೋಗ್ತೀನಿ. ಈ ಪ್ಯಾಡು ಹೊರಗೆಲ್ಲೂ ಸಿಗೋದಿಲ್ಲ, ತರಿಸೋಕೆ ಹದಿನೈದು ದಿನ ಬೇಕಂತೆ” ಅಂದೆ.

ಅಣ್ಣ ಸ್ಟೂಲು ಹತ್ತಿ ಕಪಾಟಿನ ಮೇಲಿನ ಹಲಗೆಯಿಂದ ಒಂದು ಡಬ್ಬ ಇಳಿಸಿದ. ಮೇಲೆ ಬೆರಳುದಪ್ಪ ಧೂಳು. ಒರೆಸಿದಾಗ ನನ್ನ ಟ್ರಕ್ಕಿನ ಮಾಡೆಲ್ ನಂಬರು ಕಂಡಿತು. ಹಿಂದಿನ ಎರಡು ಚಕ್ರದ ಪ್ಯಾಡಿನ ಸೆಟ್ಟು. ಈ ಊರಿನಲ್ಲಿ ಆ ಮಾಡೆಲ್ ಟ್ರಕ್ಕು ಇರುವುದು ನನ್ನದೊಂದೇ.

“ಇದನ್ನ ಯಾವಾಗ ತಂದಿಟ್ಟೆ?”

“ಮುಂದಿನ ಚಕ್ರದ್ದೂ ಇದೆ, ಅಲ್ಲೇ” ಎಂದು ನನ್ನ ಕಡೆ ತಿರುಗದೆ ಡಬ್ಬ ಬಿಚ್ಚತೊಡಗಿದ. “ನೀನು ಮುನಿಸ್ಕೊಂಡು ಹೋದ್ಯಲ್ಲ, ಆ ವರ್ಷಾನೇ ತಂದಿಟ್ಟೆ. ಅಪ್ಪನ ಗಾಡಿ ಮೂವತ್ತು ಸಾವಿರಕ್ಕೊಂದು ಸಲ ಪ್ಯಾಡ್ ತಿಂತಿತ್ತಲ್ಲ, ಅದೇ ಅಂದಾಜು ನನಗೆ. ಎರಡು ವರ್ಷಕ್ಕಾದ್ರೂ ಸವೆಯುತ್ತೆ, ಬರ್ತೀಯ ಅಂತ ಇದ್ದೆ. ಬಂದಾಗ ನನ್ನ ಕೈಲಿ ಆಗೋಲ್ಲ ಅನ್ನಿಸ್ಕೋಬಾರ್ದು ಅಂತ ಹೈಬ್ರಿಡ್ ಟ್ರೈನಿಂಗಿಗೂ ಸೇರ್ಕೊಂಡೆ. ನನ್ನ ಅರ್ಧ ವಯಸ್ಸಿನವರ ಪಕ್ಕ ಬೆಂಚಲ್ಲಿ ಕೂತು.”

ಡಬ್ಬದ ಮುಚ್ಚಳ ಎತ್ತಿಕೊಂಡು ಉಳಿದ ಧೂಳನ್ನು ನಾನು ಅಂಗೈಯಿಂದ ಒರೆಸತೊಡಗಿದೆ.

“ಅಲ್ಲಿ ಮೊದಲನೇ ದಿನಾನೇ ಮೇಷ್ಟ್ರು ಹೇಳಿದ್ರು, ಈ ಗಾಡಿಗಳಲ್ಲಿ ಪ್ಯಾಡು ಸವೆಯೋದೇ ಇಲ್ಲ, ಲಕ್ಷ ಕಿಲೋಮೀಟರ್ ದಾಟುತ್ತೆ ಅಂತ. ಎಲ್ಲರೂ ಖುಷಿಯಾಗಿ ಬರ್ಕೊಂಡ್ರು. ನಾನು ಆವತ್ತು ಮನೆಗೆ ಬಂದು ಊಟ ಮಾಡ್ಲಿಲ್ಲ ಕಣೇ.”