ಹಂಪಮ್ಮ ಅಕ್ಕೋರಿಗೊಂದು ತಿನ್ನುವ ತಾಟು

೧

ಎಲ್ಲಿಂದ ಶುರು ಮಾಡಬೇಕು? ಡೈರಿಯಿಂದಲೇ ಮಾಡೋಣ. ಮೊನ್ನೆ ಬರೆದ ಸಾಲು ಹೀಗಿದೆ: ‘ಹಬ್ಬದ ಅಡುಗೆ ಕೆಟ್ಟೀತು ಎಂಬ ಅಂಜಿಕೆ ಇಲ್ಲ. ಚೆನ್ನಾಗಿ ಆಗಿಬಿಟ್ಟರೆ ಏನು ಗತಿ?’

ಬರೆದವಳು ಶೇಖಮ್ಮ. ಶಹಾಪುರದಲ್ಲಿ ಬಿ.ಎ. ಮುಗಿಸಿ ಸುರಪುರದ ಮನೆಯಲ್ಲಿ ಕೂತವಳು. (ಇಲ್ಲಿ ‘ನಾನು’ ಎಂದು ಬರೆದು ಮೂರು ಸಲ ಕಾಟು ಹಾಕಿದ್ದೇನೆ. ಯಾರೂ ಓದದ ಡೈರಿಯಲ್ಲೂ ತನ್ನನ್ನು ‘ಅವಳು’ ಎಂದೇ ಕರೆದುಕೊಳ್ಳುವ ಹುಡುಗಿ. ಸಹಿಸಿಕೊಳ್ಳಿ.)

೨

ಕೈಬಿಟ್ಟ ಆರಂಭ: ‘ಕಾಲುವೆ ಬಂದ ಮೇಲೆ ದೇವಾಪುರದ ಹೊಲಗಳು ಹಸಿರು ಸೀರೆಯುಟ್ಟವು...’

ಸರಕಾರಿ ಕ್ಯಾಲೆಂಡರಿನ ಮಾತು, ಬೇಡ. ಆದರೆ ಕಾಲುವೆ ಇರಲಿ. ಅದರ ನೀರು ಮೊದಲು ಹಂಪಮ್ಮ ಅಕ್ಕೋರ ಹೊಲಕ್ಕೆ ಹೋಗುತ್ತದೆ, ಆಮೇಲೆ ತೂಬಿನಿಂದ ಶೇಖಮ್ಮನ ಮನೆಯವರ ಎರಡೆಕರೆಗೆ ಇಳಿಯುತ್ತದೆ.

ಹಂಪಮ್ಮ ಅಕ್ಕೋರು, ಶೇಖಮ್ಮನ ಅವ್ವ ಮಾನಮ್ಮ ಇಬ್ಬರೂ ಒಂದೇ ಶಾಲೆಯ ಟೀಚರುಗಳು. ಹತ್ತು ವರ್ಷದಿಂದ ಒಂದೇ ಟಂಟಂ ಆಟೋ, ಒಂದೇ ಸೀಟು. ತೊಡೆಗೆ ತೊಡೆ ತಾಗಿದರೆ ಏನೂ ಅಡ್ಡಿಯಿಲ್ಲ. ಪ್ರತಿ ಎಳ್ಳಮಾವಾಸ್ಯೆಗೆ ಅವ್ವ ಹೊಲದ ಊಟಕ್ಕೆ ಕರೆಯುತ್ತಾಳೆ. ಅಕ್ಕೋರು ತಪ್ಪದೆ ಬರುತ್ತಾರೆ, ನಗುತ್ತಾರೆ, ಜೋಳದ ತೆನೆ ಮುಟ್ಟಿ ನೋಡುತ್ತಾರೆ. ಉಣ್ಣುವುದಿಲ್ಲ.

ಯಾಕೆಂದು ಹೇಳಲು ಎರಡೇ ಅಕ್ಷರದ ಪದ ಸಾಕು. ಅಕ್ಕೋರು ಅದನ್ನು ಆಡಿದ್ದಿಲ್ಲ, ಅವ್ವ ಆಡಿದ್ದಿಲ್ಲ. ಬರೆಯುವವಳಿಗೇನು ಅಷ್ಟು ಧೈರ್ಯ? ಅದರ ಬದಲು ಡೈರಿಯಲ್ಲಿ ಇವು ಇವೆ:

ಪಾಯಸದ ವರ್ಷ: “ಹಾಲು ನನಗ ಆಗಿಬರಂಗಿಲ್ಲ ಮಾನಮ್ಮ.”

ಕಡುಬಿನ ವರ್ಷ: “ಅಯ್ಯ, ಮ್ಯಾಲ ತುಪ್ಪ ಹಾಕೀಯಲ್ಲ!”

ತುಪ್ಪ ಬಿಟ್ಟ ವರ್ಷ: “ಶುಗರ್ ಬಂದದವ್ವ. ಸಿಹಿ ಮುಟ್ಟಂಗಿಲ್ಲ.”

ಭಜ್ಜಿ-ರೊಟ್ಟಿಯ ವರ್ಷ: “ಉಳ್ಳಾಗಡ್ಡಿ ಬಿಟ್ಟೀನಿ. ಮತ್ತ ನಿಮ್ಮ ತಾಟಿನ್ಯಾಗ ತತ್ತಿ ಗಿತ್ತಿ ತಿಂದಿರ್ತೀರಿ...” ಇದನ್ನು ನಗುನಗುತ್ತ.

ಹೋದ ವರ್ಷದ ಪುಟವನ್ನು ಇಲ್ಲಿ ತೆರೆಯುವುದಿಲ್ಲ. ಅವತ್ತು ಅಕ್ಕೋರು, “ಮನ್ಯಾಗಿನ ಮಂದಿ ತಿಂತಾರ, ಹೋಳಿಗಿ ಕಟ್ಟಿ ಕೊಡು” ಅಂದರು, ಅವ್ವ ಕುಣಿಯುವುದೊಂದು ಬಾಕಿ. ಇಷ್ಟು ಸಾಕು.

“ಪಾಪ, ಹಂಪಕ್ಕನ ತಬಿಯತ್ ನೆಟ್ಟಗಿಲ್ಲ,” ಎನ್ನುತ್ತಾಳೆ ಅವ್ವ ಪ್ರತಿ ಸಲ. ನಂಬಿಯೇ ಎನ್ನುತ್ತಾಳೋ, ನಂಬಬೇಕೆಂದು ಎನ್ನುತ್ತಾಳೋ, ಶೇಖಮ್ಮನಿಗೆ ತಿಳಿಯದು.

೩

ಹಾಲು ಬೇಡ, ತುಪ್ಪ ಬೇಡ, ಸಿಹಿ ಬೇಡ, ಉಳ್ಳಾಗಡ್ಡಿ ಬೇಡ, ತಾಟೂ ಬೇಡ. ಇನ್ನೇನು ಉಳಿಯಿತು?

ಫೋನಿನಲ್ಲಿ ಹುಡುಕಿದಳು. ಯಾವುದೋ ದೇಶದ ಹೆಂಗಸು ಹಬ್ಬದ ಮೇಜಿನ ನಟ್ಟನಡುವೆ ಒಂದು ಖಾರದ ಟಾರ್ಟ್ ತಂದಿಟ್ಟು, ಇವತ್ತಿನ ಮುಖ್ಯ ಊಟವೇ ಇದು ಅಂದಳು. ಹಿಟ್ಟಿನ ತಟ್ಟೆ, ಒಳಗೆ ಪಲ್ಯ, ಕೊನೆಗೆ ತಟ್ಟೆಯನ್ನೂ ತಿನ್ನುವುದು. ಹಾಲು, ತುಪ್ಪ, ತತ್ತಿ ಏನೂ ಇಲ್ಲ, ಪೂರ್ತಿ ವೇಗನ್. (ಅಲ್ಲಿ ಅದು ಪ್ರಾಣಿಗಳ ಮೇಲಿನ ಕರುಣೆಯಿಂದ ಹುಟ್ಟಿತಂತೆ. ಸುರಪುರದಲ್ಲಿ ಹಂಪಮ್ಮ ಅಕ್ಕೋರ ನೆಪಗಳಿಂದ ಹುಟ್ಟಿತು.) ಇನ್ನೊಂದು ಲಾಭ: ಕಟ್ಟಿಕೊಟ್ಟರೆ ಪುಡಿಯಾಗುತ್ತದೆ. ಅಲ್ಲೇ ಕೂತು ಉಣ್ಣಬೇಕು.

ಈಗ ಆ ಅಂಜಿಕೆ ಅರ್ಥವಾಯಿತಲ್ಲ? ಎಲ್ಲ ನೆಪ ತೆಗೆದಿಟ್ಟ ಮೇಲೂ ಅಕ್ಕೋರು ಬೇಡವೆಂದರೆ, ಅವ್ವ ನಂಬಲು ಏನೂ ಉಳಿಯುವುದಿಲ್ಲ. ಮರುದಿನ ಟಂಟಂನಲ್ಲಿ ಯಾರ ಪಕ್ಕ ಕೂಡುತ್ತಾಳೆ?

೪

“ಏನ್ ಮಾಡಾಕತ್ತಿ?” ಎಂದಳು ಅಜ್ಜಿ ಲಾಲಮ್ಮ.

“ಟಾರ್ಟ್, ಆಯಿ.”

“ತಾಟಾ? ಮನ್ಯಾಗ ಹನ್ನೆರಡು ತಾಟ ಅವ. ಮತ್ತೊಂದ್ಯಾಕ?”

“ಇದು ತಿನ್ನೋ ತಾಟ.”

“ತೊಳಿಯೋ ತ್ರಾಸಿಲ್ಲ ಅನ್ನು! ನಿಮ್ಮವ್ವಗಿಂತ ಶಾಣ್ಯಾಕಿ ಅದಿ.”

ಬರೀ ಜೋಳದ ಹಿಟ್ಟಿನ ಮೊದಲ ತಟ್ಟೆ ಕೈಯಲ್ಲೇ ಬಿರಿಯಿತು, ಈ ಕಥೆಯ ಮೊದಲ ಡ್ರಾಫ್ಟಿನ ಹಾಗೆ. ಎರಡನೆಯದಕ್ಕೆ ಅರ್ಧ ಗೋಧಿ ಹಿಟ್ಟು, ಶೇಂಗಾ ಎಣ್ಣೆ, ಗಡಿಗೆಯ ತಣ್ಣೀರು. ಓವನ್ ಎಲ್ಲಿಂದ ಬರಬೇಕು? ಕುಕ್ಕರಿನ ರಬ್ಬರು, ಸೀಟಿ ತೆಗೆದು, ತಳಕ್ಕೆ ಉಪ್ಪು ಹರವಿ, ತಟ್ಟೆ ಇಟ್ಟಳು. ಒಳಗೆ ತುಂಬಲು ಬದನೆಕಾಯಿ, ಹಸಿ ಕಡಲೆ, ಹುಳಿ ಹುಳಿ ಪುಂಡಿಪಲ್ಯ, ರುಬ್ಬಿದ ಶೇಂಗಾ. ಮೇಲೆ ಹುರಿದ ಎಳ್ಳು. ಕೆಂಪಗೆ, ಗರಿಗರಿಯಾಗಿ ಬಂತು. ಒಂದು ಬಿರುಕಿಲ್ಲ.

ಶೇಖಮ್ಮನಿಗೆ ಅಳು ಬಂತು.

“ಈ ಸಾಲು ತಗಿ,” ಎಂದಳು ಆಯಿ. (ಬರೆದದ್ದನ್ನು ಅವಳಿಗೆ ಓದಿ ಹೇಳಿದ್ದು ನನ್ನದೇ ತಪ್ಪು.) “ತಾಟ ಚಂದ ಆದ್ರ ಯಾರರ ಅಳ್ತಾರೇನು? ಮತ್ತ ಅವಳು ಅವಳು ಅಂತ ಬರಿತಿ. ಬಾಯಿ ಆಕಿದೋ ನಿಂದೋ?”

“ಕಥ್ಯಾಗ ಹಂಗ ಇರ್ತದ ಆಯಿ.”

“ಇರ್ಲಿ. ನನ್ನ ಮುದುಕಿ ಅಂತ ಮಾತ್ರ ಬರಿಬ್ಯಾಡ.”

ಬರೆದಿಲ್ಲ.

೫

ಮುಕ್ತಾಯಗಳು, ಆರಿಸಿಕೊಳ್ಳಿ.

ಅ) ಅಕ್ಕೋರು ಎರಡು ತುಂಡು ತಿಂದು ಕಣ್ಣೊರೆಸಿಕೊಂಡು, “ನಾವೆಲ್ಲ ಒಂದ” ಎನ್ನುತ್ತಾರೆ. (ಗಣರಾಜ್ಯೋತ್ಸವದ ನಾಟಕಕ್ಕೆ ಆದೀತು.)

ಆ) ಹೊಲದ ದಾರಿಯಲ್ಲಿ ಟಂಟಂ ಗುಂಡಿಗೆ ಬಿದ್ದು ಟಾರ್ಟ್ ನುಚ್ಚುನೂರು. ಎಲ್ಲರೂ ಬಚಾವ್. (ಬರೆದವಳು ಎಲ್ಲಕ್ಕಿಂತ ಹೆಚ್ಚು ಆಸೆಪಟ್ಟದ್ದು ಇದನ್ನೇ.)

ಇ) ಅಕ್ಕೋರು ಬರುವುದೇ ಇಲ್ಲ.

ಆದರೆ ಬಂದರು. ಪಾತ್ರಗಳು ನಮ್ಮ ಮಾತು ಕೇಳುವುದಿಲ್ಲ.

೬

ಬನ್ನಿಗಿಡದ ನೆರಳಲ್ಲಿ ಚಾಪೆ, ಅದರ ತುದಿಗೆ ಆಯಿ. ಪಕ್ಕದಲ್ಲಿ ಕಾಲುವೆ ತುಂಬಿ ಹರಿಯುತ್ತಿತ್ತು.

“ನೋಡು ಹಂಪಕ್ಕ, ನನ ಮಗಳು ನಿನ ಸಲುವಾಗೇ ಮಾಡ್ಯಾಳ,” ಎಂದಳು ಅವ್ವ. “ಹಾಲಿಲ್ಲ, ತುಪ್ಪಿಲ್ಲ, ಸಿಹಿ ಇಲ್ಲ, ಉಳ್ಳಾಗಡ್ಡಿ ಇಲ್ಲ. ತಾಟ ಸೈತ ಹೊಸಾದು, ಹಿಟ್ಟಿಂದು!”

ಅಕ್ಕೋರು ಬಗ್ಗಿ ನೋಡಿದರು. ಕಣ್ಣು ಹಾಲಿಗಾಗಿ, ತುಪ್ಪಕ್ಕಾಗಿ ಹುಡುಕಾಡಿ ಬರಿಗೈಲಿ ಬಂತು. ಒಂದು ಗಳಿಗೆ ಶೇಖಮ್ಮನಿಗೆ ಅವರ ಮೇಲೇ ಕನಿಕರ ಹುಟ್ಟಿತು.

“ಎಷ್ಟ್ ಶಾಣ್ಯಾ ಅದಿಯವ್ವ ಶೇಖಾ!” ಎನ್ನುತ್ತ ವ್ಯಾನಿಟಿ ಬ್ಯಾಗಿಗೆ ಕೈ ಹಾಕಿ ಒಂದು ಸ್ಟೀಲ್ ಡಬ್ಬಿ ತೆಗೆದರು. “ಇದರಾಗ ಹಾಕು. ಹ್ವಾದ ವರ್ಷದಂಗ ಮನಿಗಿ ಒಯ್ತೀನಿ. ನಿಮ್ಮವ್ವನ ಹೋಳಿಗಿ ನಮ್ಮ ಮನ್ಯಾಗ ಬಡದಾಡಿ ತಿಂದ್ರು ನೋಡು!”

ಡಬ್ಬಿ! ಬರೆಯುವವಳಿಗೆ ಇದು ಹೊಳೆದಿರಲೇ ಇಲ್ಲ. ಅವ್ವನ ಮುಖ ಅರಳಿತ್ತು. ಚಾಕು ಎತ್ತಿಕೊಂಡಿದ್ದಳು. ಟಾರ್ಟಿನ ಮೇಲೆ ಇಡುವಷ್ಟರಲ್ಲಿ ಆಯಿ ಮೊಮ್ಮಗಳ ಕಡೆ ಹೊರಳಿ, “ಬಾಯಿ ಆಕಿದೋ ನಿಂದೋ?” ಎಂದಳು.

ಅಕ್ಕೋರು ತಿಂದರೇ, ಅವ್ವ ಅತ್ತಳೇ, ಮರುದಿನ ಟಂಟಂನಲ್ಲಿ ಯಾರು ಎಲ್ಲಿ ಕೂತರು, ಕೇಳಬೇಡಿ. ನನ್ನ ಹತ್ತಿರ ಉಳಿದಿರುವುದು ಇಷ್ಟೇ: ಚಾಕು ಗಾಳಿಯಲ್ಲಿದೆ, ಡಬ್ಬಿಯ ಬಾಯಿ ತೆರೆದಿದೆ, ಶೇಖಮ್ಮ ಎದ್ದು ನಿಂತಿದ್ದಾಳೆ.

“ಅಕ್ಕೋರ, ಆ ಹೋಳಿಗಿ ನಿಮ್ಮನ್ಯಾಗ ಯಾರೂ ತಿಂದಿಲ್ರಿ. ಕಟ್ಟಿದ ಕ್ಯಾರಿಬ್ಯಾಗ್ ಕಟ್ಟಿದಂಗ ಕಾಲುವ್ಯಾಗ ತೇಲಿಕೋತ ನಮ್ಮ ತೂಬಿಗಿ ಬಂದು ಸಿಕ್ಕೊಂಡಿತ್ತು. ತಗದಾಕಿ ನಾನ್ರಿ.”