ಹಳೆಮನೆ ಬೋರೆ

"ಸ್ವಲ್ಪ ಎಡಕ್ಕೆ ವಾಲಿಸ್ರೋ, ಗೋಡೆಗೆ ತಾಗ್ತದೆ!" ಹವೆಲ್ ಕೂಗಿದ. ಶವಪೆಟ್ಟಿಗೆ ಹೊತ್ತ ನಾಲ್ವರೂ ಅಂಗಳದ ಕೆಸರಿನಲ್ಲಿ ಕಾಲೂರಿ ನಿಂತರು. ವೇಲ್ಸಿನ ಈ ಬೆಟ್ಟದ ದಾರಿ ಹತ್ತಲಾರದೆ ಶವದ ಕಾರು ಸೇತುವೆಯ ಬಳಿಯೇ ಉಳಿದಿತ್ತು. ತೆಗ್ವೆನ್ ಮುದುಕಿಯ ಕಡೆಯ ಪ್ರಯಾಣ ನೆರೆಯ ಹವೆಲ್‌ನ ಟ್ರ್ಯಾಕ್ಟರಿನಲ್ಲಿ, ಕುರಿ ಸಾಗಿಸುವ ಹಲಗೆಯ ಮೇಲೆ.

ಅವಳ ತಮ್ಮ ಎಮ್ಲಿನ್ ದೂರದಲ್ಲಿ ನಿಂತಿದ್ದ. ಹೆಗಲು ಕೊಡಲು ಯಾರೂ ಕರೆಯಲಿಲ್ಲ. ಅವನೂ ಮುಂದೆ ಬರಲಿಲ್ಲ.

"ಕರೆದ್ರೆ ಬರ್ತಾನೇನೋ," ಎಂದ ಹವೆಲ್.

"ಒಡಹುಟ್ಟಿದೋಳ ಹೆಣ ಹೊರೋಕೂ ಕರೆಯೋಲೆ ಬೇಕಾ?" ಎಂದಳು ಅವನ ಹೆಂಡತಿ ಮೆನ್ನ.

"ಮೆಲ್ಲಗೆ, ಕೇಳಿಸ್ತದೆ."

"ಕೇಳಿಸ್ಲಿ ಅಂತಾನೇ ಅಂದಿದ್ದು."

*

ಅಕ್ಕ ತಮ್ಮ ಹರೆಯದಲ್ಲಿದ್ದಾಗ ಬೆಟ್ಟಕ್ಕೆ ಉತ್ಖನನದವರು ಬಂದಿದ್ದರು. ಮನೆ ಹಿಂದಿನ ದಿಬ್ಬದ, ಅಂದರೆ ಬೋರೆಯ, ಮೇಲೆ ಜರೀಗಿಡಗಳ ಕೆಳಗೆ, ಸಾಲು ಕಲ್ಲುಗಳಿದ್ದವು. ಹಳೇ ಕುರಿದೊಡ್ಡಿ ಎಂದು ಅಪ್ಪ ಅಂದುಕೊಂಡಿದ್ದ. ಅಗೆದು ನೋಡಿದರೆ ಮನೆಗಳು! ಆರೇಳು ಶತಮಾನದ ಹಿಂದೆ ಅಲ್ಲಿ ಓಟ್ಸ್ ಬೆಳೆದ ಒಕ್ಕಲು ಮಕ್ಕಳವು. ಒಂದು ಬದಿ ಜನ, ಇನ್ನೊಂದು ಬದಿ ದನ, ನಡುವೆ ಒಲೆ.

ಚಹಾ ಒಯ್ದ ತೆಗ್ವೆನ್, ಸುಟ್ಟು ಕೆಂಪಾದ ಒಲೆಯ ಮಣ್ಣನ್ನು ನೋಡುತ್ತಾ ಕೇಳಿದಳು: "ಇವರೆಲ್ಲ ಎಲ್ಲಿಗೆ ಹೋದ್ರು?"

"ಒಂದೇ ಸಲ ಹೋಗಿರಲ್ಲಮ್ಮ," ಎಂದರು ಅಗೆಯುತ್ತಿದ್ದ ಹಿರಿಯರು. "ಚಳಿ ಹೆಚ್ಚಾಯ್ತು, ರೋಗ ಬಂತು. ಒಂದೊಂದೇ ಒಲೆ ಆರಿರ್ತದೆ."

"ಹಂಗಾದ್ರೆ ಕಡೇ ಮನೆಯೋರು ಬೆಂಕಿ ಕೇಳೋಕೆ ಯಾರ ಮನೆಗೆ ಹೋದ್ರು?"

ಅವರು ನಕ್ಕರು. ಅವಳು ನಗಲಿಲ್ಲ.

ಅಪ್ಪ ಸತ್ತ ಮೇಲೆ ಎಮ್ಲಿನ್ ತನ್ನ ಪಾಲನ್ನು ಮರ ಬೆಳೆಸುವ ಕಂಪನಿಗೆ ಮಾರಿದ. ಬೋರೆ ಅಕ್ಕನ ಪಾಲಿಗೆ ಬಂದಿತ್ತು.

"ಅದನ್ನೂ ಕೊಟ್ಟುಬಿಡಕ್ಕ. ಪೇಟೆಗೆ ಬಂದು ನಮ್ಮ ಜೊತೆ ಇರು."

"ಅಲ್ಲಿ ಮನೆಗಳಿವೆ ಕಣೋ. ಗಿಡ ನೆಟ್ಟರೆ ಬೇರು ಒಂದು ಕಲ್ಲನ್ನೂ ಬಿಡಲ್ಲ."

"ಸತ್ತೋರ ಮನೆ! ಅದಕ್ಕಾಗಿ ಒಬ್ಬಳೇ ಸಾಯ್ತೀಯಾ?"

"ಸತ್ತೋರಿಗೆ ಅಂತ ಯಾರಾದ್ರೂ ಇರ್ಬೇಕಲ್ಲ."

ಹಾಗೆ ಸಿಟ್ಟಾಗಿ ಇಳಿದು ಹೋದವನು ಅಕ್ಕ ಇರುವವರೆಗೂ ಮತ್ತೆ ಬೆಟ್ಟ ಹತ್ತಲಿಲ್ಲ. ಸುತ್ತಲೂ ಕಂಪನಿಯ ಮರಗಳು ಕಪ್ಪಗೆ ಎದ್ದವು. ಮೇಲಿನ ಒಕ್ಕಲುಗಳು ಒಂದೊಂದಾಗಿ ಖಾಲಿಯಾದವು. ಕಡೆಕಡೆಗೆ ತೆಗ್ವೆನ್ ಅಡುಗೆಮನೆಯಲ್ಲಿ ಕೂತು ಪಕ್ಕದ ಕೋಣೆಯಲ್ಲಿ ರೇಡಿಯೋ ಹಚ್ಚಿಡುತ್ತಿದ್ದಳು. "ಒಳಗೆ ಯಾರೋ ಮಾತಾಡ್ತಿದಾರೆ ಅನ್ಸತ್ತೆ," ಎಂದು ಮೆನ್ನಳಿಗೆ ಹೇಳಿದ್ದಳು.

*

ಮಣ್ಣಾದ ಮೇಲೆ ಪ್ರಾರ್ಥನಾ ಮಂದಿರದಲ್ಲಿ ಚಹಾ, ಒಣದ್ರಾಕ್ಷಿ ರೊಟ್ಟಿ ಕೊಟ್ಟರು. ಎಮ್ಲಿನ್ ಬಟ್ಟಲು ಹಿಡಿದು ಮೆನ್ನಳ ಬಳಿ ಬಂದ.

"ನನ್ನ ಬಗ್ಗೆ ಏನಾದ್ರೂ ಅಂತಿದ್ಲಾ?"

"ಇಲ್ಲ."

"ಬೈತಾನೂ ಇರ್ಲಿಲ್ವಾ?"

ಮೆನ್ನ ಇಲ್ಲವೆಂದು ತಲೆಯಾಡಿಸಿದಳು. ಅವನ ಮುಖ ನೋಡಿ ದನಿ ತಗ್ಗಿಸಿದಳು. "ಇನ್ನು ಬೋರೆ ನಿಮ್ದೇ. ಕಂಪನಿಯೋರು ಕೇಳ್ಕೊಂಡು ಬರ್ತಾರೆ."

"ಬಂದಾಯ್ತು. ಸ್ಮಶಾನದ ಗೇಟಲ್ಲೇ ಕೈ ಕುಲುಕಿ ಕೇಳಿದ್ರು."

ಬಟ್ಟಲು ಇಟ್ಟು ಅವನು ಒಬ್ಬನೇ ಬೆಟ್ಟ ಹತ್ತಿದ. ಕತ್ತಲೆಗಟ್ಟಿದ ಮರಗಳ ನಡುವೆ ಬೋರೆಯೊಂದೇ ಬಯಲಾಗಿತ್ತು. ಈ ಬೇಸಿಗೆಯಲ್ಲೂ ಅವಳು ಕಲ್ಲುಗಳ ಸುತ್ತ ಜರೀಗಿಡ ಸವರಿದ್ದಳು. ಕತ್ತರಿಸಿದ ಕಡ್ಡಿಗಳು ಇನ್ನೂ ಕಂದು ಬಣ್ಣಕ್ಕೆ ತಿರುಗಿರಲಿಲ್ಲ. ಗೋಡೆಗಳು ಮೊಣಕಾಲಿನ ಎತ್ತರ ಮಾತ್ರ, ಎಲ್ಲಿಂದಲಾದರೂ ದಾಟಬಹುದಿತ್ತು. ಎಮ್ಲಿನ್ ಸುತ್ತು ಹಾಕಿಕೊಂಡು, ಒಂದು ಕಾಲಕ್ಕೆ ಬಾಗಿಲಿದ್ದ ಕಡೆಗೆ ಬಂದ. ಬೂಟಿನ ಕೆಸರನ್ನು ಹುಲ್ಲಿಗೆ ಒರೆಸಿದ. ಆಮೇಲೆ ಆ ಎತ್ತರದ ಮನುಷ್ಯ, ಮೇಲೆ ಬರೀ ಆಕಾಶವಿದ್ದರೂ, ತಲೆ ತಗ್ಗಿಸಿ ಒಳಗೆ ಕಾಲಿಟ್ಟ.